ಲೈಡನ್‌ನಿಂದ ಲೂವೆಸ್ಟೈನ್‌ವರೆಗೆ: ಎರಡು ಶನಿವಾರದ ಗೈಡೆಡ್ ವಾಕ್ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ನೆದರ್ಲೆಂಡ್ಸ್‌ನಲ್ಲಿ ಇರುವ ನಮ್ಮ ಕನ್ನಡದ ಕ್ರೈಸ್ತರು ಹೂವಿನ ತೋಟ, ಗಾಳಿಗಿರಣಿ ಎಲ್ಲ ನೋಡಿ ಮುಗಿಸಿದ ಮೇಲೆ ಎರಡು ಶನಿವಾರ ಇದಕ್ಕೆ ಎತ್ತಿಡಿ. ಕ್ರೈಸ್ತರಲ್ಲದವರೂ ಹೋಗಬಹುದು. ನನ್ನ ಜೊತೆ ಬಂದಿದ್ದ ಗೆಳತಿ ಮೇಲುಕೋಟೆ ಕಡೆಯ ಅಯ್ಯಂಗಾರ್ ಮನೆಯವಳು, ಇಡೀ ಗುಂಪಿನಲ್ಲಿ ಒಳ್ಳೆ ಪ್ರಶ್ನೆ ಕೇಳಿದ್ದು ಅವಳೇ.

ನಡೆಸುವವರು ಒಬ್ಬರೇ. ಇತಿಹಾಸದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಹೆಸರು ಹಾಕುವುದಿಲ್ಲ, ಯಾಕೆಂದರೆ ಕೆಲವು ದೂರು ಹೇಳುವುದಿದೆ, ಒಬ್ಬರೇ ಕಷ್ಟಪಟ್ಟು ನಡೆಸುವ ಕೆಲಸಕ್ಕೆ ಕಲ್ಲು ಹಾಕಲು ಮನಸ್ಸಿಲ್ಲ. ಎರಡು ದಿನಕ್ಕೆ ತಲೆಗೆ 85 ಯುರೋ. ರೈಲು, ದೋಣಿ, ಊಟ, ಮ್ಯೂಸಿಯಂ ಟಿಕೆಟ್ ಎಲ್ಲ ನಮ್ಮದೇ ಖರ್ಚು. ಇಂಗ್ಲಿಷಿನಲ್ಲಿ ನಡೆಸುತ್ತಾರೆ. ನಾವು ಒಂಬತ್ತು ಜನ ಇದ್ದೆವು.

ವಿಷಯ ಇಷ್ಟೇ. ಯಾರಿಗೆ ರಕ್ಷಣೆ ಸಿಗುತ್ತದೆ ಅನ್ನೋದನ್ನು ದೇವರು ಲೋಕ ಹುಟ್ಟುವ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಾನಾ? ಅಥವಾ ಆತ ಕರೆದಾಗ ಮನುಷ್ಯ ಬರುವುದು, ಬಾರದೆ ಇರುವುದು ಲೆಕ್ಕಕ್ಕೆ ಬರುತ್ತದಾ? ಈ ಪ್ರಶ್ನೆಗೆ 400 ವರ್ಷದ ಹಿಂದೆ ಈ ದೇಶ ಎರಡು ಹೋಳಾಗಿತ್ತು. ಪಾದ್ರಿಗಳು ಕೆಲಸ ಕಳೆದುಕೊಂಡರು, ಒಬ್ಬ ಮುದುಕರ ತಲೆ ಹೋಯಿತು, ಒಬ್ಬರು ಪುಸ್ತಕದ ಪೆಟ್ಟಿಗೆಯೊಳಗೆ ಮಲಗಿ ಜೈಲಿನಿಂದ ತಪ್ಪಿಸಿಕೊಂಡರು. ಅದೆಲ್ಲ ನಡೆದ ಜಾಗಗಳನ್ನು ಈ ವಾಕ್‌ನಲ್ಲಿ ತೋರಿಸುತ್ತಾರೆ.

ನಾನು ಯಾಕೆ ಹೋದೆ ಅನ್ನೋದನ್ನೂ ಹೇಳಬೇಕು, ಇಲ್ಲದಿದ್ದರೆ ಈ ರಿವ್ಯೂ ಅರ್ಧ ಆಗುತ್ತದೆ. ನಮ್ಮದು ಬೀದರ್ ಕಡೆ, ಮೆಥಡಿಸ್ಟ್ ಸಭೆ. ನನಗಿಂತ ಮೊದಲು ನಮ್ಮ ಅವ್ವನಿಗೆ ಒಂದು ಗಂಡು ಕೂಸು ಹುಟ್ಟಿತ್ತು. ಹನ್ನೊಂದು ದಿನ ಬದುಕಿತ್ತು. ದೀಕ್ಷಾಸ್ನಾನ ಆಗಿರಲಿಲ್ಲ. ನಮ್ಮ ಪಾಸ್ಟರ್ ಮನೆಗೆ ಬಂದು ಪ್ರಾರ್ಥನೆ ಮಾಡಿ, ಮಗು ಯೇಸುವಿನ ಮಡಿಲಲ್ಲಿದೆ ಅಂತ ಹೇಳಿ ಹೋಗಿದ್ದರಂತೆ, ಅವ್ವ ಅದನ್ನೇ ಹಿಡಿದುಕೊಂಡು ಬದುಕಿದಳು. ನಾನು ಹೈಸ್ಕೂಲಿನಲ್ಲಿದ್ದಾಗ ಉಜ್ಜೀವನ ಕೂಟಕ್ಕೆ ಹೊರಗಿನಿಂದ ಒಬ್ಬ ಬೋಧಕರು ಬಂದರು. ಅವ್ವ ಕೂಟ ಮುಗಿದ ಮೇಲೆ ಹೋಗಿ ಕೂಸಿನ ಬಗ್ಗೆ ಕೇಳಿದಳು. ಅವರು ರೋಮಾಪುರದವರಿಗೆ ಬರೆದ ಪತ್ರಿಕೆಯ 9ನೇ ಅಧ್ಯಾಯ ತೆಗೆದು, ಮಣ್ಣಿನಿಂದ ಏನು ಮಾಡಬೇಕು ಅನ್ನೋದು ಕುಂಬಾರನ ಇಷ್ಟ ಅನ್ನುವ ಮಾತು ತೋರಿಸಿ, ಆ ಮಗು ಆರಿಸಲ್ಪಟ್ಟಿತ್ತೋ ಇಲ್ಲವೋ ಹೇಳೋಕೆ ನಾವ್ಯಾರು ಅಂದರು. ಅವ್ವ ಏನೂ ಮಾತಾಡಲಿಲ್ಲ. ಅವತ್ತಿನಿಂದ ಆ ಕೂಸಿನ ಹುಟ್ಟಿದ ದಿನ ಬಂದರೆ ಸುಮ್ನೆ ಗೋಡೆ ಕಡೆ ಮುಖ ಮಾಡಿ ಮಲಗುತ್ತಾಳೆ. ನಾನು ಈ ದೇಶಕ್ಕೆ ಬಂದು ಆರು ವರ್ಷ ಆಯಿತು. ಆ ಬೋಧಕರ ಮಾತಿಗೆ ಬೇರು ಎಲ್ಲಿದೆಯೋ ಆ ಊರು ರೈಲಿನಲ್ಲಿ ಹೋಗುವಷ್ಟು ಹತ್ತಿರ ಅಂತ ಗೊತ್ತಾದಾಗ ಟಿಕೆಟ್ ತೆಗೆದುಕೊಂಡೆ.

ಮೊದಲ ಶನಿವಾರ ಲೈಡನ್. ಪೀಟರ್ಸ್‌ಕೆರ್ಕ್ ಅನ್ನುವ ದೊಡ್ಡ ಹಳೆಯ ಚರ್ಚಿನಿಂದ ಶುರು. ಮನುಷ್ಯ ಬರುವುದು, ಬಾರದೆ ಇರುವುದು ಲೆಕ್ಕಕ್ಕೆ ಬರುತ್ತದೆ ಅಂದ ಪಕ್ಷದ ಮೂಲಪುರುಷ ಯಾಕೋಬಸ್ ಅರ್ಮಿನಿಯಸ್‌ನನ್ನು 1609ರಲ್ಲಿ ಇಲ್ಲೇ ಹೂಳಿದರು. ಗೈಡ್ ಆತನ ಕತೆ ಹೇಳಿದ ರೀತಿ ನನಗೆ ತುಂಬ ಹಿಡಿಸಿತು. ಆತ ಓದಲು ಬೇರೆ ಊರಿಗೆ ಹೋಗಿದ್ದಾಗ, 1575ರಲ್ಲಿ, ಸ್ಪೇನಿನ ಸೈನ್ಯ ಆತನ ಹುಟ್ಟೂರು ಔಡೆವಾಟರ್ ಮೇಲೆ ಬಿದ್ದು ಮನೆಯವರನ್ನೆಲ್ಲ ಕೊಂದಿತ್ತು. ಆಮೇಲೆ ಜಿನೀವಾಕ್ಕೆ ಹೋಗಿ, ದೇವರು ಮೊದಲೇ ಆರಿಸಿದ್ದಾನೆ ಅಂತ ಕಲಿಸಿದ ಕ್ಯಾಲ್ವಿನ್‌ನ ಉತ್ತರಾಧಿಕಾರಿ ಬೇಜಾ ಹತ್ತಿರವೇ ಕಲಿತ. ಆಮ್‌ಸ್ಟರ್‌ಡಾಮಿನಲ್ಲಿ ಪಾದ್ರಿಯಾಗಿದ್ದಾಗ ಪ್ಲೇಗ್ ಬಂತು, ಎಲ್ಲರೂ ಹೆದರುವ ಮನೆಗಳಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದ. ಸಾಯುವ ಹೊತ್ತಿನಲ್ಲಿ ಒಳ್ಳೆ ವಿಶ್ವಾಸಿಗಳೇ ತಮಗೆ ರಕ್ಷಣೆ ಇದೆಯೋ ಇಲ್ಲವೋ ಅಂತ ನಡುಗುವುದನ್ನು ನೋಡಿದ. ಅದೇ ಪ್ಲೇಗ್ ಕಾಲದಲ್ಲಿ ಲೈಡನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಯೂನಿಯಸ್ ತೀರಿಕೊಂಡರು, 1603ರಲ್ಲಿ ಅರ್ಮಿನಿಯಸ್ ಆ ಜಾಗಕ್ಕೆ ಬಂದ. ಅಲ್ಲಿ ಮೊದಲೇ ಇದ್ದವನು ಫ್ರಾನ್ಸಿಸ್ಕಸ್ ಗೊಮಾರಸ್, ಎಲ್ಲ ದೇವರು ಮೊದಲೇ ತೀರ್ಮಾನ ಮಾಡಿದ್ದಾನೆ ಅನ್ನುವ ಪಕ್ಷದ ಪ್ರೊಫೆಸರ್. ಅಲ್ಲಿಂದ ಜಗಳ.

ನಮ್ಮಲ್ಲಿ ಎಷ್ಟೋ ಜನ ಅರ್ಮಿನಿಯಸ್ ಅಂದರೆ ಮನುಷ್ಯ ತನ್ನ ಬಲದಿಂದಲೇ ರಕ್ಷಣೆ ಸಂಪಾದಿಸಬಹುದು ಅಂದವನು ಅಂತ ತಿಳಿದುಕೊಂಡಿದ್ದಾರೆ. ಅದು ತಪ್ಪು. ಆತ ಸತ್ತ ಮರುವರ್ಷ, 1610ರಲ್ಲಿ, ಆತನ ಕಡೆಯ ಪಾದ್ರಿಗಳು ಸರ್ಕಾರಕ್ಕೆ ಐದು ಅಂಶದ ಮನವಿ ಕೊಟ್ಟರು, ಅದಕ್ಕೇ ಅವರಿಗೆ ರೆಮಾನ್‌ಸ್ಟ್ರಂಟರು ಅಂತ ಹೆಸರು ಬಂತು. ಗೈಡ್ ಅದರ ಪ್ರತಿ ಎಲ್ಲರ ಕೈಗೂ ಕೊಟ್ಟರು. ಮೂರನೇ ಅಂಶ ನೋಡಿ. ಕೃಪೆ ಇಲ್ಲದೆ ಮನುಷ್ಯ ಒಳ್ಳೆಯದನ್ನು ಯೋಚಿಸಲೂ ಆಗದು ಅಂತ ಸ್ಪಷ್ಟವಾಗಿ ಇದೆ. ಅವರ ವಾದ ಇಷ್ಟೇ: ಯಾರು ನಂಬುತ್ತಾರೆ ಅನ್ನೋದನ್ನು ದೇವರು ಮುಂಚೆಯೇ ಬಲ್ಲ, ಅಂಥವರನ್ನು ಆರಿಸಿದ್ದಾನೆ, ಕ್ರಿಸ್ತ ಎಲ್ಲರಿಗೋಸ್ಕರ ಸತ್ತ, ಆದರೆ ಆ ಕೃಪೆಯನ್ನು ಬೇಡ ಅಂತ ತಳ್ಳುವ ಶಕ್ತಿ ಮನುಷ್ಯನಿಗೆ ಉಂಟು. ರಕ್ಷಣೆ ಪಡೆದವನು ಅದನ್ನು ಕಳೆದುಕೊಳ್ಳಬಹುದಾ ಅನ್ನೋ ಐದನೇ ಪ್ರಶ್ನೆಗೆ, ಇನ್ನೂ ವಾಕ್ಯ ನೋಡಿ ತಿಳಿಯಬೇಕು ಅಂತ ಬರೆದು ಬಿಟ್ಟಿದ್ದಾರೆ. ಈ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

ಇಲ್ಲಿ ನನ್ನ ಗೆಳತಿ ಬಾಯಿಬಿಟ್ಟಳು. ಶ್ರೀವೈಷ್ಣವರಲ್ಲಿ ವಡಗಲೆ, ತೆಂಗಲೆ ಅಂತ ಇದೆಯಲ್ಲ, ಮರ್ಕಟ ನ್ಯಾಯ, ಮಾರ್ಜಾಲ ನ್ಯಾಯ. ಕೋತಿಮರಿ ತಾಯಿಯನ್ನು ತಾನೇ ತಬ್ಬಿಕೊಳ್ಳಬೇಕು, ಬೆಕ್ಕಿನಮರಿ ಸುಮ್ಮನಿದ್ದರೆ ಸಾಕು, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಗೈಡ್‌ಗೆ ಈ ಹೋಲಿಕೆ ತುಂಬ ಖುಷಿಯಾಯಿತು, ಪುಸ್ತಕ ತೆಗೆದು ಬರೆದುಕೊಂಡರು. ಆಗ ಅವಳು ಇನ್ನೊಂದು ಕೇಳಿದಳು: ನಮ್ಮ ಬೆಕ್ಕಿನ ಕತೆಯಲ್ಲಿ ತಾಯಿ ಯಾವ ಮರಿಯನ್ನೂ ಬಿಟ್ಟು ಹೋಗುವುದಿಲ್ಲ, ನಿಮ್ಮಲ್ಲಿ ಕೆಲವು ಮರಿಗಳನ್ನು ಮಾತ್ರ ಎತ್ತಿಕೊಂಡು ಹೋಗುತ್ತದಾ? ಯಾರೂ ಮಾತಾಡಲಿಲ್ಲ. ನಾನು ಚರ್ಚಿನಲ್ಲಿ ಕೂತು ಅಷ್ಟು ವರ್ಷ ಕೇಳಿದ ಪ್ರಸಂಗಗಳಲ್ಲಿ ಈ ಪ್ರಶ್ನೆ ಇಷ್ಟು ನೇರವಾಗಿ ಕೇಳಿರಲಿಲ್ಲ.

ಇದೇ ಚರ್ಚಿನಲ್ಲಿ ಜಾನ್ ರಾಬಿನ್ಸನ್ ಸಮಾಧಿಯೂ ಇದೆ. ಅಮೆರಿಕಕ್ಕೆ ಹೋದ ಪಿಲ್‌ಗ್ರಿಮ್‌ಗಳ ಪಾಸ್ಟರ್. ಅರ್ಮಿನಿಯಸ್ ಕಡೆಯವರ ವಿರುದ್ಧ ಇದೇ ಊರಿನಲ್ಲಿ ವಾದ ಮಾಡಿದವರು. ಇಬ್ಬರೂ ಒಂದೇ ಸೂರಿನ ಕೆಳಗೆ ಮಲಗಿದ್ದಾರೆ. ಗೈಡ್ ಇದನ್ನು ಹೇಳದೆ ದಾಟಿಬಿಟ್ಟರು, ನಾನು ಮೊದಲೇ ಓದಿಕೊಂಡಿದ್ದರಿಂದ ಗೊತ್ತಾಯಿತು.

ಮಧ್ಯಾಹ್ನ ರೈಲಿನಲ್ಲಿ ಹೇಗ್. ಇಲ್ಲಿ ನನ್ನ ದೂರು ಶುರು. ಮೂರು ಗಂಟೆ ಪೂರ್ತಿ ರಾಜಕೀಯ. ಒಪ್ಪುತ್ತೇನೆ, ಬೇಕು. ಸ್ಪೇನ್ ಜೊತೆ 1609ರಲ್ಲಿ ಆದ ಹನ್ನೆರಡು ವರ್ಷದ ಕದನವಿರಾಮ, ಅದನ್ನು ಮಾಡಿಸಿದ ಹಿರಿಯ ಆಡಳಿತಗಾರ ಯೋಹಾನ್ ವಾನ್ ಓಲ್ಡನ್‌ಬಾರ್ನೆವೆಲ್ಟ್, ಅವರಿಗೂ ಸೇನಾಪತಿ ಪ್ರಿನ್ಸ್ ಮೌರಿಟ್ಸ್‌ಗೂ ಬಿದ್ದ ಒಡಕು, ಒಬ್ಬರು ರೆಮಾನ್‌ಸ್ಟ್ರಂಟರ ಬೆನ್ನಿಗೆ ನಿಂತಿದ್ದು, ಇನ್ನೊಬ್ಬರು 1617ರಲ್ಲಿ ಎದುರುಪಕ್ಷದವರ ಆರಾಧನೆಗೆ ಕ್ಲೋಸ್ಟರ್‌ಕೆರ್ಕ್ ಅನ್ನುವ ಚರ್ಚಿಗೆ ಹೋಗಿ ಕೂತಿದ್ದು, ಇದೆಲ್ಲ ಇಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ಆದರೆ ಮೂರು ಗಂಟೆ ಜಾಸ್ತಿ ಆಯಿತು. ಊಟಕ್ಕೆ ಇಪ್ಪತ್ತೇ ನಿಮಿಷ ಕೊಟ್ಟರು. ನೀವು ಹೋಗುವುದಾದರೆ ಚಪಾತಿ ಕಟ್ಟಿಕೊಂಡು ಹೋಗಿ. ಬಿನ್ನೆನ್‌ಹೋಫ್ ಅನ್ನುವ ಹಳೆಯ ಪಾರ್ಲಿಮೆಂಟ್ ಕಟ್ಟಡ ದುರಸ್ತಿಯಲ್ಲಿದ್ದುದರಿಂದ ಒಳಗೆ ಬಿಡಲಿಲ್ಲ, ಕೊಳದ ದಂಡೆಯಿಂದಲೇ ತೋರಿಸಿದರು. 1619ರ ಮೇ 13ರಂದು ಅಲ್ಲಿ ಓಲ್ಡನ್‌ಬಾರ್ನೆವೆಲ್ಟ್ ತಲೆ ಕಡಿದರು. ವಯಸ್ಸು 71. ಊರುಗೋಲು ಹಿಡಿದು ನಡೆಯುತ್ತಿದ್ದ ಮನುಷ್ಯ.

ಇನ್ನೊಂದು ದೂರು, ಇದು ನನಗೆ ಮುಖ್ಯ. ಮೊದಲ ದಿನ ಗೈಡ್ ಅರ್ಮಿನಿಯಸ್ ಪಕ್ಷದವರನ್ನು ಒಳ್ಳೆಯವರು, ಗೊಮಾರಸ್ ಪಕ್ಷದವರನ್ನು ಕೆಟ್ಟವರು ಅನ್ನೋ ಹಾಗೆ ಹೇಳುತ್ತ ಹೋದರು. ನಾನು ಹುಟ್ಟಿ ಬೆಳೆದಿದ್ದು ಅರ್ಮಿನಿಯಸ್ ಪಕ್ಷದಲ್ಲೇ. ಮೆಥಡಿಸ್ಟರಿಗೆ ಮೂಲಪುರುಷನಾದ ಜಾನ್ ವೆಸ್ಲಿ 1778ರಲ್ಲಿ ಶುರು ಮಾಡಿದ ಮಾಸಪತ್ರಿಕೆಗೆ ಅರ್ಮಿನಿಯಸ್ ಹೆಸರನ್ನೇ ಇಟ್ಟಿದ್ದ. ಆದರೂ ನನಗೆ ಇದು ಸರಿ ಅನ್ನಿಸಲಿಲ್ಲ. ದೇವರೇ ನನ್ನನ್ನು ಹಿಡಿದಿದ್ದಾನೆ, ನನ್ನ ಕೈ ಸೋತರೂ ಆತನ ಕೈ ಬಿಡಲ್ಲ ಅನ್ನೋದು ಎಷ್ಟು ಜನಕ್ಕೆ ಊರುಗೋಲಾಗಿದೆ. ತಂದೆ ಎಳೆಯದೆ ಯಾರೂ ನನ್ನ ಹತ್ತಿರ ಬರಲಾರರು ಅನ್ನುವ ಯೋಹಾನ 6:44 ಬೈಬಲ್‌ನಲ್ಲಿ ಇದೆ. ಎಲ್ಲರೂ ರಕ್ಷಣೆ ಹೊಂದಬೇಕು ಅನ್ನೋದು ದೇವರ ಇಷ್ಟ ಅನ್ನುವ 1 ತಿಮೊಥೆ 2:4ನೂ ಇದೆ. ಎರಡನ್ನೂ ಓದಿ ಕಣ್ಣೀರು ಹಾಕಿದವರು ಇದ್ದಾರೆ. ಆ ಪಕ್ಷದವರ ಕಡೆಯಿಂದ ಇದನ್ನು ನೋಡಿದರೆ ಹೇಗೆ ಕಾಣುತ್ತದೆ ಅಂತ ಹೇಳಲು ಅರ್ಧ ಗಂಟೆಯಾದರೂ ಕೊಡಬೇಕಿತ್ತು. ಸ್ಟಾರ್ ಕಳೆದದ್ದು ಇದಕ್ಕೇ. ಸಂಜೆ ಮೆಲ್ಲಗೆ ಅವರಿಗೇ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ಮುಂದಿನ ವಾರ ನೋಡಿ ಅಂದರು.

ಎರಡನೇ ಶನಿವಾರ ಡೋರ್ಡ್ರೆಕ್ಟ್. ಇಲ್ಲಿಯವರು ಡೋರ್ಟ್ ಅಂತಲೇ ಕರೆಯುತ್ತಾರೆ. ಈ ಜಗಳ ತೀರ್ಮಾನಿಸಲು 1618ರ ನವೆಂಬರ್ 13ಕ್ಕೆ ಇಲ್ಲಿ ಶುರುವಾದ ಸಿನೋಡ್, ಅಂದರೆ ಚರ್ಚಿನ ಮಹಾಸಭೆ, ಮುಂದಿನ ಮೇ ತಿಂಗಳವರೆಗೆ ನಡೆಯಿತು. ಇಂಗ್ಲೆಂಡ್, ಜರ್ಮನಿಯ ಬೇರೆ ಬೇರೆ ಸಂಸ್ಥಾನಗಳು, ಜಿನೀವಾ, ಜ್ಯೂರಿಕ್, ಬಾಸೆಲ್ ಎಲ್ಲ ಕಡೆಯಿಂದ ಪ್ರತಿನಿಧಿಗಳು ಬಂದರು. ಮಾತುಕತೆ ಲ್ಯಾಟಿನ್‌ನಲ್ಲಿ. ಫ್ರಾನ್ಸಿನ ರಾಜ ತನ್ನವರನ್ನು ಕಳಿಸಲಿಲ್ಲ, ಅವರ ಬೆಂಚು ಖಾಲಿಯೇ ಇಟ್ಟಿದ್ದರು. ಬಾಸೆಲ್ ಅಂದ ತಕ್ಷಣ ನನಗೆ ಮಂಗಳೂರು ನೆನಪಾಯಿತು, 1834ರಲ್ಲಿ ಅಲ್ಲಿಗೆ ಮಿಶನರಿಗಳು ಬಂದದ್ದು ಅದೇ ಊರಿನಿಂದ. ಅವರ ದಾರಿ ಬೇರೆ, ಡೋರ್ಟ್ ಜಗಳ ಹೊತ್ತುಕೊಂಡು ಬಂದವರಲ್ಲ.

ಸಿನೋಡ್ ನಡೆದ ಕಟ್ಟಡ ಈಗಿಲ್ಲ, 19ನೇ ಶತಮಾನದಲ್ಲಿ ಕೆಡವಿದರು. ಜಾಗ ಮಾತ್ರ ನೋಡಬಹುದು. ಇದು ಕೆಲವರಿಗೆ ನಿರಾಸೆಯಾಗಬಹುದು, ಆದರೆ ಗೈಡ್ ಅಲ್ಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬೆಂಚುಗಳ ಸಾಲು ಬರೆದರು. ಸುತ್ತ ಪ್ರತಿನಿಧಿಗಳು, ನಡುವೆ ಒಂದು ಮೇಜು. ರೆಮಾನ್‌ಸ್ಟ್ರಂಟರ ಮುಖಂಡ ಎಪಿಸ್ಕೋಪಿಯಸ್ ಮತ್ತು ಅವನ ಜೊತೆಯ ರೆಮಾನ್‌ಸ್ಟ್ರಂಟರು ಕೂತದ್ದು ಆ ಮೇಜಿಗೆ. ಸಮಾನರಾಗಿ ಅಲ್ಲ, ವಿಚಾರಣೆಗೆ ಕರೆಸಿದವರಾಗಿ. 1619ರ ಜನವರಿ 14ರಂದು ಅಧ್ಯಕ್ಷ ಬೋಗರ್‌ಮನ್ ಸಿಟ್ಟಿನಿಂದ ಅವರನ್ನು ಹೊರಗೆ ಕಳಿಸಿದ. ಆಮೇಲೆ ಸುಮಾರು 200 ಪಾದ್ರಿಗಳನ್ನು ಕೆಲಸದಿಂದ ತೆಗೆದರು. ಸುಮ್ಮನಿರುತ್ತೇವೆ ಅಂತ ಸಹಿ ಹಾಕದವರನ್ನು ದೇಶದಿಂದಲೇ ಹೊರಹಾಕಿದರು. ಹೆಂಡತಿ ಮಕ್ಕಳು ಏನು ಮಾಡಿಕೊಂಡರೋ. ಸತ್ಯ ಯಾರ ಕಡೆಯೇ ಇರಲಿ, ಇದು ಕ್ರಿಸ್ತನ ರೀತಿ ಅಲ್ಲ ಅಂತ ನನಗೆ ಅಲ್ಲಿ ನಿಂತು ಅನ್ನಿಸಿತು.

ಇನ್ನೊಂದು ಹೊಸ ವಿಷಯ ಇಲ್ಲಿ ತಿಳಿಯಿತು. ಬೆಂಗಳೂರಿನಲ್ಲಿ ನಮ್ಮ ಹುಡುಗರು ಈಗ ಇಂಗ್ಲಿಷ್ ವೀಡಿಯೊ ನೋಡಿ ಟ್ಯೂಲಿಪ್, ಟ್ಯೂಲಿಪ್ ಅಂತ ಡೋರ್ಟ್ ಮತದ ಐದು ಅಂಶಗಳನ್ನು ಇಂಗ್ಲಿಷಿನ ಮೊದಲಕ್ಷರ ಜೋಡಿಸಿ ಹೇಳುತ್ತಾರಲ್ವಾ, ಆ ಹೆಸರು ಸಿನೋಡಿನದಲ್ಲ. ತುಂಬ ಆಮೇಲೆ ಇಂಗ್ಲಿಷಿನವರು ಮಾಡಿಕೊಂಡದ್ದು. ಡಚ್ಚರು ಆ ಹೂವಿಗೆ ತುಲ್ಪ್ ಅನ್ನುತ್ತಾರೆ, ಇಂಗ್ಲಿಷ್ ಲೆಕ್ಕದ ಐದು ಅಕ್ಷರ ಅದರಲ್ಲಿ ಕೂರುವುದೇ ಇಲ್ಲ. ಇನ್ನೊಂದು, ಮನುಷ್ಯನ ಪತನವನ್ನೂ, ಅಂದರೆ ಆದಾಮನ ಪಾಪವನ್ನೂ, ಲೆಕ್ಕಕ್ಕೆ ತೆಗೆದುಕೊಳ್ಳದೆ ಅದಕ್ಕೂ ಮೊದಲೇ ದೇವರು ಯಾರನ್ನು ಉಳಿಸಬೇಕು, ಯಾರನ್ನು ಬಿಡಬೇಕು ಅಂತ ನಿರ್ಧರಿಸಿದ ಅನ್ನೋದು ಗೊಮಾರಸ್ ಮತ. ಗೆದ್ದ ಪಕ್ಷದಲ್ಲಿದ್ದರೂ ಆತನ ಈ ಮಾತನ್ನು ಸಿನೋಡ್ ತನ್ನ ತೀರ್ಮಾನಕ್ಕೆ ಸೇರಿಸಲಿಲ್ಲ. ಬಿದ್ದ ಮನುಷ್ಯಕುಲದೊಳಗಿಂದ ದೇವರು ಆರಿಸಿಕೊಂಡ ಅಂತ ಬರೆದರು. ಕ್ರಿಸ್ತನ ಮರಣ ಇಡೀ ಲೋಕದ ಪಾಪಕ್ಕೆ ಸಾಕಾಗಿ ಮಿಗುವಷ್ಟು ಅಂತಲೂ ಬರೆದಿದ್ದಾರೆ, ಆದರೆ ಆರಿಸಲ್ಪಟ್ಟವರಲ್ಲಿ ಮಾತ್ರ ಅದು ಫಲ ಕೊಡುತ್ತದೆ ಅನ್ನುತ್ತಾರೆ.

ಆಮೇಲೆ ಗ್ರೋಟೆ ಕೆರ್ಕ್, ವಾಲಿದ ಗೋಪುರದ ದೊಡ್ಡ ಚರ್ಚು. 1619ರ ಮೇ 6ರಂದು ಸಿನೋಡಿನ ತೀರ್ಮಾನಗಳನ್ನು ಜನರ ಮುಂದೆ ಓದಿದ್ದು ಇಲ್ಲಿ. ಗೈಡ್ ನಮ್ಮನ್ನು ಬೆಂಚಿನಲ್ಲಿ ಕೂರಿಸಿ, ಹೋದ ವಾರ ನಾನು ಹೇಳಿದ್ದು ನೆನಪಿಟ್ಟುಕೊಂಡು, ಇವತ್ತು ಗೆದ್ದವರ ಮಾತನ್ನು ಅವರ ಬಾಯಲ್ಲೇ ಕೇಳೋಣ ಅಂದರು. ಮೊದಲ ಭಾಗದ 17ನೇ ಕಲಮು ಓದಿದರು. ಅದರ ಅರ್ಥ ಇದು: ದೇವರ ಚಿತ್ತ ಏನು ಅಂತ ನಾವು ಆತನ ವಾಕ್ಯದಿಂದಲೇ ತಿಳಿಯಬೇಕು. ವಿಶ್ವಾಸಿಗಳ ಮಕ್ಕಳು ತಮ್ಮಷ್ಟಕ್ಕೇ ಅಲ್ಲ, ದೇವರು ತನ್ನ ಜನರ ಜೊತೆ ಮಾಡಿಕೊಂಡ ಒಡಂಬಡಿಕೆಯ ಕಾರಣದಿಂದ ಪವಿತ್ರರು ಅಂತ ವಾಕ್ಯ ಹೇಳುತ್ತದೆ. ಆದ್ದರಿಂದ ಎಳೆಯ ಪ್ರಾಯದಲ್ಲೇ ದೇವರು ಕರೆದುಕೊಂಡ ತಮ್ಮ ಮಕ್ಕಳು ಆರಿಸಲ್ಪಟ್ಟವರು, ರಕ್ಷಣೆ ಹೊಂದಿದವರು ಅನ್ನೋದರಲ್ಲಿ ಭಕ್ತ ತಂದೆತಾಯಿಗಳು ಸಂಶಯಪಡಬಾರದು.

ನಾನು ಇನ್ನೊಂದು ಸಲ ಓದಿ ಅಂದೆ. ಓದಿದರು. ಆಮೇಲೆ ಕೊನೆಯ ಭಾಗ ತೆಗೆದರು. ವಿಶ್ವಾಸಿಗಳ ಏನೂ ಅರಿಯದ ಕೂಸುಗಳನ್ನು ದೇವರು ತಾಯಿಯ ಎದೆಯಿಂದ ಕಿತ್ತು ನರಕಕ್ಕೆ ಎಸೆಯುತ್ತಾನೆ ಅಂತ ನಾವು ಕಲಿಸುತ್ತೇವೆಂದು ಹೇಳುವುದು ಸುಳ್ಳು, ಅದನ್ನು ನಾವು ಪೂರ್ಣಮನಸ್ಸಿನಿಂದ ಅಸಹ್ಯಪಡುತ್ತೇವೆ ಅಂತ ಸಿನೋಡೇ ಬರೆದಿದೆ.

ಗೆಳತಿ ನನ್ನ ಕೈ ಹಿಡಿದುಕೊಂಡಳು. ಅವಳಿಗೆ ಕೂಸಿನ ಕತೆ ಗೊತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಗೈಡ್‌ಗೆ ಕೇಳಿದಳು, ವಿಶ್ವಾಸಿಗಳಲ್ಲದವರ ಮಕ್ಕಳಿಗೆ? ಈ ಕಾಗದದಲ್ಲಿ ಅದರ ಬಗ್ಗೆ ಏನೂ ಬರೆದಿಲ್ಲ ಅಂದರು. ಅದು ನನ್ನನ್ನೂ ಚುಚ್ಚಿತು, ಈಗಲೂ ಚುಚ್ಚುತ್ತದೆ. ನಾನು ಇವತ್ತಿಗೂ ವೆಸ್ಲಿ ಕಡೆಯವಳೇ. ಕ್ರಿಸ್ತ ಎಲ್ಲರಿಗಾಗಿ ಸತ್ತ ಅಂತಲೇ ನಂಬುತ್ತೇನೆ, ಎಲ್ಲ ಕೂಸುಗಳೂ ಆತನ ಹತ್ತಿರ ಇವೆ ಅಂತಲೇ ನಂಬುತ್ತೇನೆ. ಆದರೆ ನಮ್ಮ ಅವ್ವನಿಗೆ ಆ ಮಾತು ಹೇಳಿದ ಬೋಧಕರು ಯಾವ ಮತವನ್ನು ಹಿಡಿದು ಮಾತಾಡಿದರೋ, ಆ ಮತದ ಮೂಲ ಕಾಗದವೇ ಅವರ ಮಾತನ್ನು ಒಪ್ಪುವುದಿಲ್ಲ. ಇನ್ನೂ ನಂಬಿಕೆಗೆ ಬಾರದವರ ವಿಷಯದಲ್ಲೂ ಅದೇ ಕಾಗದ ಅವರಿಗಾಗಿ ಪ್ರಾರ್ಥನೆ ಮಾಡಿ, ನಾವು ಬೇರೆ ಅಂತ ಅಹಂಕಾರಪಡಬೇಡಿ ಅಂತ ಹೇಳುತ್ತದೆ. ಯಾರು ಆರಿಸಲ್ಪಟ್ಟವರು, ಯಾರು ಅಲ್ಲ ಅಂತ ಎದುರಿಗಿರುವ ಒಬ್ಬ ತಾಯಿಗೆ ಅನುಮಾನ ಹುಟ್ಟಿಸುವ ಅಧಿಕಾರ ಡೋರ್ಟ್ ಯಾರಿಗೂ ಕೊಟ್ಟಿಲ್ಲ. ಆ ಪಕ್ಷದ ಬೋಧಕರು ದಯವಿಟ್ಟು ನಿಮ್ಮ ಕಾಗದವನ್ನು ಪೂರ್ತಿ ಓದಿ. ನಮ್ಮ ಪಕ್ಷದವರೂ ಅವರನ್ನು ಬೈಯುವ ಮೊದಲು ಓದಿ.

ಲೂವೆಸ್ಟೈನ್ ಕೋಟೆ ಕೊನೆಯದು. ಡೋರ್ಡ್ರೆಕ್ಟ್‌ನಿಂದ ರೈಲಿನಲ್ಲಿ ಗೊರಿಂಚೆಮ್, ಬರೆಯೋದು ಹಾಗೆ, ಜನ ಕರೆಯೋದು ಖೋರ್ಕಮ್. ಅಲ್ಲಿಂದ ದೋಣಿ. ಬೇಸಿಗೆ ಕಾಲದಲ್ಲಿ ಮಾತ್ರ ಇರುತ್ತದೆ, ನೋಡಿಕೊಂಡು ಹೋಗಿ. ವಾಲ್ ಮತ್ತು ಮಾಸ್ ನದಿಗಳು ಕೂಡುವ ಕಡೆ, ನೀರಿನ ನಡುವೆ ನಿಂತ ಕೋಟೆ. ತುಂಬ ಚೆಂದ. ಮಕ್ಕಳಿದ್ದವರಿಗೆ ಈ ಭಾಗ ಖಂಡಿತ ಇಷ್ಟವಾಗುತ್ತದೆ. ದೊಡ್ಡ ನ್ಯಾಯಶಾಸ್ತ್ರಜ್ಞ ಹ್ಯೂಗೊ ಗ್ರೋಷಿಯಸ್‌ನನ್ನು ರೆಮಾನ್‌ಸ್ಟ್ರಂಟರ ಪರ ನಿಂತದ್ದಕ್ಕೆ 1619ರಲ್ಲಿ ಜೀವಾವಧಿ ಶಿಕ್ಷೆ ಕೊಟ್ಟು ಇಲ್ಲಿ ಇಟ್ಟಿದ್ದರು. ಓದಲು ಪುಸ್ತಕ ಪೆಟ್ಟಿಗೆಯಲ್ಲಿ ಬರುತ್ತಿತ್ತು, ಓದಿದ್ದು ಅದರಲ್ಲೇ ವಾಪಸ್ ಹೋಗುತ್ತಿತ್ತು. ಹೆಂಡತಿ ಮರಿಯಾ ಇದನ್ನು ಗಮನಿಸಿದಳು. 1621ರ ಮಾರ್ಚ್ 22ರಂದು ಪುಸ್ತಕದ ಬದಲು ಗಂಡನನ್ನೇ ಪೆಟ್ಟಿಗೆಯಲ್ಲಿ ಮಲಗಿಸಿ ಬೀಗ ಹಾಕಿದಳು. ಇಷ್ಟು ಭಾರ ಇದೆ, ಒಳಗೆ ಅರ್ಮಿನಿಯನ್ ಇದ್ದಾನಾ ಅಂತ ಹೊತ್ತ ಸೈನಿಕರು ಕೇಳಿದರಂತೆ. ಕೆಲಸದ ಹುಡುಗಿ ಎಲ್ಶೆ ಪೆಟ್ಟಿಗೆಯ ಜೊತೆ ದೋಣಿಯಲ್ಲಿ ಕೂತು ಗೊರಿಂಚೆಮ್‌ವರೆಗೆ ಹೋದಳು. ಗ್ರೋಷಿಯಸ್ ಅಲ್ಲಿಂದ ಗಾರೆ ಕೆಲಸದವನ ವೇಷ ಹಾಕಿ ದೇಶ ಬಿಟ್ಟ. ನಾವು ಬಂದ ನೀರೇ ಅದು. ನಿಜವಾದ ಪೆಟ್ಟಿಗೆ ತಮ್ಮದೇ ಅಂತ ಹೇಳುವ ಜಾಗಗಳು ಒಂದಕ್ಕಿಂತ ಜಾಸ್ತಿ ಇವೆ, ಗೈಡ್ ಅದನ್ನು ಮುಚ್ಚಿಡದೆ ಹೇಳಿದರು. ಮೆಟ್ಟಿಲು ಕಡಿದು, ಸುರುಳಿ. ಮಂಡಿನೋವು ಇರುವವರು ಯೋಚಿಸಿ.

ವಾಪಸ್ ರೈಲಿನಲ್ಲಿ ಅವ್ವನಿಗೆ ಫೋನ್ ಮಾಡಿದೆ. ಬೀದರಿನಲ್ಲಿ ರಾತ್ರಿ ಆಗಿತ್ತು. 17ನೇ ಕಲಮನ್ನು ಕನ್ನಡಕ್ಕೆ ಮಾಡಿಕೊಂಡು ಮೆಲ್ಲಗೆ ಓದಿದೆ. ಬಹಳ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, "ಇದು ಯಾವ ಸನ್‌ದಾಗ ಬರದಾರ?" ಅಂತ ಕೇಳಿದಳು. 1619 ಅವ್ವ ಅಂದೆ.

"ಹಂಗಿದ್ರ ಆ ಬೋಧಕರಿಗಿ ಗೊತ್ತಿರಬೇಕಾಗಿತ್ತು," ಅಂದಳು.

ಬರುವ ಮೇ ತಿಂಗಳಲ್ಲಿ ಅವ್ವ ಇಲ್ಲಿಗೆ ಬರುತ್ತಾಳೆ. ಎರಡನೇ ಶನಿವಾರಕ್ಕೆ ಮಾತ್ರ ಬುಕ್ ಮಾಡಲು ಆಗುತ್ತದಾ ಅಂತ ಗೈಡ್‌ಗೆ ಕೇಳಿದೆ, ಆಗುತ್ತದೆ ಅಂದರು. ಕೋಟೆಯ ಮೆಟ್ಟಿಲು ಅವಳಿಗೆ ಆಗದು, ಗ್ರೋಟೆ ಕೆರ್ಕ್‌ನಲ್ಲೇ ಜಾಸ್ತಿ ಹೊತ್ತು ಕೂರೋಣ ಅಂತ ಹೇಳಿದ್ದೇನೆ. 17ನೇ ಕಲಮಿನ ಕನ್ನಡ ಪ್ರತಿ ಬೇಕಾದವರು ಕೇಳಿ, ಕಳಿಸುತ್ತೇನೆ.